ಚಿತ್ರಕ್ಕೆ ತಕ್ಕ ನಾಯಿ

ಹಳೆಯ ನಾಯಿಚಿತ್ರಗಳನ್ನು ಕೂಡಿಸುವವರದೇ ಒಂದು ಸಣ್ಣ ಲೋಕ. ಅದರ ವ್ಯವಹಾರವೆಲ್ಲ ಹೆಚ್ಚಾಗಿ ಲಂಡನ್ನು, ನ್ಯೂಯಾರ್ಕುಗಳಲ್ಲಿ. ಅಲ್ಲಿ ನಾಯಿಚಿತ್ರಗಳಿಗೆಂದೇ ಹರಾಜು ನಡೆದಿವೆ, ಲಂಡನ್ನಿನ ಕೆನಲ್ ಕ್ಲಬ್ಬಿಗೆ ತನ್ನದೇ ಆದ ಚಿತ್ರಶಾಲೆಯಿದೆ. ಅಮೆರಿಕದ ಕೆನಲ್ ಕ್ಲಬ್ಬಿನ ನಾಯಿ ಮ್ಯೂಸಿಯಂ 1982ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಸೇಂಟ್ ಲೂಯಿಸ್‌ಗೆ ಹೋಗಿ, 2019ರಲ್ಲಿ ಮ್ಯಾನ್‌ಹಟನ್‌ಗೆ ಮರಳಿತು. ತಾಮ್ರದ ತಗಡಿನ ಅಚ್ಚು, ಕಲ್ಲಚ್ಚು, ಉಣ್ಣೆಯ ಕಸೂತಿ, ದಿಂಬಿನ ಗವುಸು, ಕಾಲೊರಸು ಎಲ್ಲವೂ ಕೈ ಬದಲಾಯಿಸುತ್ತವೆ. ಕೊಳ್ಳುವವರಲ್ಲಿ ಎಷ್ಟೋ ಮಂದಿ ತಾವು ಸಾಕಿದ ತಳಿಯನ್ನೇ ಹುಡುಕಿಕೊಂಡು ಬಂದವರು. ಯಾರಿಗೂ ಕೇಡಿಲ್ಲದ ಹವ್ಯಾಸ ಅನ್ನಿಸುವುದು ಸಹಜ. ಕೆಳಗೆ ಮಾತಾಡುವ ಇಬ್ಬರಿಗೂ ಹಾಗನ್ನಿಸಿಲ್ಲ. ಒಬ್ಬರು ನಿವೃತ್ತ ಇತಿಹಾಸದ ಮೇಷ್ಟ್ರು, ಇನ್ನೊಬ್ಬಳು ಎಳೆಯ ಪಶುವೈದ್ಯೆ. ನನ್ನ ಒಲವು ಎತ್ತ ಎಂಬುದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ, ನಡುವೆ ಒಂದು ಸಲ ಬಾಯಿ ಹಾಕುತ್ತೇನೆ.

ವೈದ್ಯೆ: ಹಳೆಯ ಭೂಪಟ ಕೂಡಿಸುವವರನ್ನು ಒಪ್ಪುತ್ತೇನೆ ಮೇಷ್ಟ್ರೇ. ಕೆರೆ ಎಲ್ಲಿತ್ತು, ದಾರಿ ಯಾವ ಕಡೆ ಹೊರಳಿತು ಅಂತ ಅದರಿಂದ ತಿಳಿಯುತ್ತದೆ. ನಾಯಿಯ ಚಿತ್ರದಿಂದ ತಿಳಿಯುವುದೇನು? ಜಾತಿ ನಾಯಿ ಸಾಕುವವರ ಜಂಬ ಹಜಾರದಿಂದ ಗೋಡೆಗೂ ಹತ್ತಿತು, ಅಷ್ಟೇ. ನಾಯಿ ಸತ್ತರೂ ಜಂಬ ಸಾಯಬಾರದು ಅಂತ ಚೌಕಟ್ಟು ಹಾಕಿಸಿಟ್ಟುಕೊಳ್ಳುತ್ತಾರೆ. ಅದಕ್ಕೆ ಪ್ರಾಚೀನ ಕಲೆ ಅಂತ ಹೆಸರು ಬೇರೆ.

ಮೇಷ್ಟ್ರು: ಭೂಪಟದ ಮಾತು ನೀನೇ ಎತ್ತಿದೆ, ಒಳ್ಳೆಯದಾಯಿತಮ್ಮ. ಊರು ಮೊದಲು ಇರುತ್ತದೆ, ಭೂಪಟ ಆಮೇಲೆ ಬರುತ್ತದೆ. ನಾಯಿಯ ವಿಷಯದಲ್ಲಿ ಎಷ್ಟೋ ಸಲ ಚಿತ್ರ ಮೊದಲು ಬಂತು, ನಾಯಿ ಆಮೇಲೆ ಬಂತು. ಇದು ಬರಿಯ ಚಮತ್ಕಾರದ ಮಾತಲ್ಲ. 1817ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಅಚ್ಚುಚಿತ್ರ ಹೊರಬಂತು. ಬರೆದವನು ಅಬ್ರಹಾಂ ಕೂಪರ್, ತಗಡಿನ ಮೇಲೆ ಕೊರೆದವನು ಜಾನ್ ಸ್ಕಾಟ್. ಕ್ರಿಬ್, ರೋಸಾ ಎಂಬ ಎರಡು ಬುಲ್‌ಡಾಗುಗಳು ಅದರಲ್ಲಿವೆ. ಆಗ ಆ ನಾಯಿಗೆ ಕೆಲಸವಿತ್ತು. ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿ ಛೂಬಿಟ್ಟು ನೋಡುವ ಕ್ರೂರ ಆಟ ನಡೆಯುತ್ತಿತ್ತು. 1835ರ ಕಾನೂನು ಅದನ್ನು ನಿಲ್ಲಿಸಿತು. ಕೆಲಸ ಹೋಯಿತು, ನಾಯಿ ಉಳಿಯಿತು. ಮುಂದೆ ಪ್ರದರ್ಶನಗಳು ಶುರುವಾದಾಗ ಒಂದು ಪ್ರಶ್ನೆ ಎದ್ದಿತು: ಸರಿಯಾದ ಬುಲ್‌ಡಾಗು ಹೇಗಿರಬೇಕು? ಗೂಳಿಯನ್ನು ಹಿಡಿದು ತೋರಿಸು ಅನ್ನುವ ಹಾಗಿಲ್ಲ. ಆಗ ತಜ್ಞರೆನಿಸಿಕೊಂಡವರು ಕೈ ತೋರಿಸಿದ್ದು ಈ ಅಚ್ಚಿನ ಕಡೆಗೆ. ರೋಸಾಳ ಆಕಾರ, ಮೈಕಟ್ಟು, ಗಾತ್ರ ಇವೇ ಆದರ್ಶ ಎಂದು ಬರೆದಿಟ್ಟರು. ಸತ್ತು ಎಷ್ಟೋ ವರ್ಷವಾದ ನಾಯಿಯ ಕಾಗದದ ಚಿತ್ರ ಬದುಕಿರುವ ನಾಯಿಗಳಿಗೆ ಅಳತೆಗೋಲಾಯಿತು. ಆ ಹಾಳೆಯನ್ನು ಕೊಳ್ಳುವವನು ಅಳತೆಗೋಲನ್ನೇ ಕೊಳ್ಳುತ್ತಾನೆ. ಇತಿಹಾಸ ಓದುವವನಿಗೆ ಅದಕ್ಕಿಂತ ಬೆಲೆಬಾಳುವ ವಸ್ತು ಯಾವುದು ಹೇಳು.

ವೈದ್ಯೆ: ರೋಸಾಳ ಕತೆಯ ಬಾಲ ನೀವು ಬಿಟ್ಟಿರಿ. ಅವಳಲ್ಲಿ ಅವರು ಎತ್ತಿದ ಕೊರತೆ ಏನು ಗೊತ್ತೇ? ತಲೆ ಕುತ್ತಿಗೆಯಲ್ಲಿ ಸುಕ್ಕು ಸಾಲದು, ಕಾಲಿನ ಮೂಳೆ ದಪ್ಪ ಸಾಲದು. ಮುಂದಿನ ನೂರು ವರ್ಷ ಆ ಕೊರತೆಯನ್ನೇ ತುಂಬುತ್ತ ಹೋದರು. ಇವತ್ತು ನನ್ನ ಮೇಜಿನ ಮೇಲೆ ಬರುವ ಬುಲ್‌ಡಾಗಿನ ಮುಖದ ಮಡಿಕೆಯಲ್ಲಿ ಕೀವು, ಮೂಗಿನ ಹೊಳ್ಳೆ ಮುಚ್ಚಿಕೊಂಡಿರುತ್ತದೆ, ಬೇಸಿಗೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಪಗ್‌ನ ಪಾಡೂ ಅದೇ. ನೆದರ್ಲೆಂಡ್ಸ್‌ನಲ್ಲಿ ಕಡೆಗೆ ಸರ್ಕಾರವೇ ನಡುವೆ ಬರಬೇಕಾಯಿತು. ಮೂತಿಯ ಉದ್ದ ತಲೆಬುರುಡೆಯ ಉದ್ದದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಅಂಥ ನಾಯಿಯಿಂದ ಮರಿ ಮಾಡಿಸುವಂತಿಲ್ಲ ಎಂಬ ನಿಯಮವನ್ನು 2019ರಿಂದ ಬಿಗಿಯಾಗಿ ಜಾರಿಮಾಡಿದರು. ನೀವು ಅಳತೆಗೋಲು ಅನ್ನುತ್ತೀರಿ, ನಾನು ಅದನ್ನು ರೋಗದ ಅಚ್ಚು ಅನ್ನುತ್ತೇನೆ. ಹಳೆಯ ಕಾಲದ್ದು ಅಂತ ತಳ್ಳಿಹಾಕುವಂತೆಯೂ ಇಲ್ಲ. 2003ರಲ್ಲಿ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಓಡಿದ ಪಗ್ ನಮ್ಮ ದೇಶದಲ್ಲಿ ಎಷ್ಟು ಮನೆಗಳಿಗೆ ಪಗ್ ತರಿಸಿತು! ಚಿತ್ರ ನೋಡಿ ನಾಯಿ ಬೇಕೆನ್ನುವುದು, ಬೇಕೆಂದವರಿಗೆ ಆ ಚಿತ್ರದಂಥದೇ ನಾಯಿ ಹುಟ್ಟಿಸಿ ಕೊಡುವುದು, ಈ ವ್ಯಾಪಾರಕ್ಕೆ ಎಣ್ಣೆ ಹುಯ್ಯುವವರು ನಿಮ್ಮ ಸಂಗ್ರಹಕಾರರು.

ಮೇಷ್ಟ್ರು: ರೋಗವೆಂದು ನೀನು ಇಷ್ಟು ಖಚಿತವಾಗಿ ಹೇಳುತ್ತೀಯಲ್ಲ, ಆ ಖಚಿತತೆ ನಿನಗೆ ಬಂದದ್ದು ಎಲ್ಲಿಂದ? ಪಗ್‌ನ ಮೂತಿ ಮೊದಲಿನಿಂದಲೂ ಹೀಗೇ ಚಪ್ಪಟೆ ಅಂತ ತಳಿಗಾರನೊಬ್ಬ ವಾದಿಸಿದರೆ ಏನು ತೋರಿಸುತ್ತೀ? ನಾನಾದರೆ ಇಂಗ್ಲೆಂಡಿನ ಚಿತ್ರಕಾರ ಹೊಗಾರ್ತ್‌ನನ್ನು ತೋರಿಸುತ್ತೇನೆ. ಅವನು 1745ರಲ್ಲಿ ತನ್ನ ಸ್ವಚಿತ್ರ ಬರೆದುಕೊಂಡ, ಪಕ್ಕದಲ್ಲಿ ತನ್ನ ಪಗ್ ಟ್ರಂಪ್‌ನನ್ನು ಕೂರಿಸಿದ. ಕೆಲವೇ ವರ್ಷಗಳಲ್ಲಿ ಅದು ಅಚ್ಚಾಗಿಯೂ ಹೊರಬಂತು. ಆ ನಾಯಿಗೆ ಮೂತಿ ಇದೆ, ಉಸಿರಾಡಲು ಜಾಗ ಇದೆ. ಅದರ ಪಕ್ಕದಲ್ಲಿ ಸಿಡ್‌ನಮ್ ಎಡ್ವರ್ಡ್ಸ್ 1800ರಿಂದ 1805ರವರೆಗೆ ಕಂತುಗಳಲ್ಲಿ ತಂದ ಬಣ್ಣದ ಹಾಳೆಗಳನ್ನಿಡು, ವೆರೊ ಶಾ 1879ರಿಂದ 1881ರ ನಡುವೆ ಪ್ರಕಟಿಸಿದ ದೊಡ್ಡ ಪುಸ್ತಕದ ಬಣ್ಣದ ಕಲ್ಲಚ್ಚುಗಳನ್ನಿಡು, 1931ರಲ್ಲಿ ಪ್ಲೇಯರ್ಸ್ ಸಿಗರೇಟು ಪೊಟ್ಟಣದೊಳಗೆ ಬರುತ್ತಿದ್ದ ಆರ್ಥರ್ ವಾರ್ಡ್ಲ್‌ನ 50 ಚೀಟಿಗಳನ್ನಿಡು. ಒಂದೊಂದೇ ಹಾಳೆ ನೋಡಿದರೆ ಮುದ್ದಾದ ನಾಯಿ, ಸಾಲಾಗಿ ಇಟ್ಟು ನೋಡಿದರೆ ಬದಲಾವಣೆಯ ದಾಖಲೆ. ಡಾರ್ವಿನ್ ಕೂಡ 1859ರಲ್ಲಿ ಬರೆದದ್ದು ಇದನ್ನೇ. ರಾಜ ಚಾರ್ಲ್ಸ್‌ನ ಕಾಲದ ಸ್ಪ್ಯಾನಿಯಲ್ ಯಾರ ಉದ್ದೇಶವೂ ಇಲ್ಲದೆ ತುಂಬ ಬದಲಾಗಿಹೋಗಿದೆ ಅಂತ. ಅದೇ ವರ್ಷ ಜೂನ್ ತಿಂಗಳಲ್ಲಿ ನ್ಯೂಕ್ಯಾಸಲ್‌ನಲ್ಲಿ ಮೊದಲ ನಾಯಿ ಪ್ರದರ್ಶನ ನಡೆಯಿತು, ಬರೀ ಪಾಯಿಂಟರು, ಸೆಟ್ಟರುಗಳದ್ದು. ಅಲ್ಲಿಂದ ಮುಂದೆ ಉದ್ದೇಶವಿಲ್ಲದೆ ಅನ್ನುವ ಮಾತಿಗೆ ಜಾಗವೇ ಉಳಿಯಲಿಲ್ಲ. 1873ಕ್ಕೆ ಕೆನಲ್ ಕ್ಲಬ್, ಮರುವರ್ಷ ವಂಶಾವಳಿಯ ಪುಸ್ತಕ. ನಿನ್ನ ದೂರಿಗೆ ಬೇಕಾದ ಸಾಕ್ಷಿಯನ್ನು ಕಾಪಾಡಿಟ್ಟವರು ನೀನು ಬೈಯುವ ಜಂಬದವರೇ.

ವೈದ್ಯೆ: ಸಾಕ್ಷಿ ಅನ್ನುವ ಮೊದಲು ಸಾಕ್ಷಿದಾರನನ್ನು ಪಾಟೀಸವಾಲಿಗೆ ನಿಲ್ಲಿಸಬೇಕಲ್ಲವೇ? ಫ್ರಾನ್ಸಿನ ಬ್ಯೂಫಾನ್‌ನ ಪ್ರಾಣಿಶಾಸ್ತ್ರದಲ್ಲಿ ನಾಯಿಗಳ ಸಂಪುಟ 1755ರಲ್ಲಿ ಬಂತು. ಆ ಚಿತ್ರಗಳನ್ನು ಯುರೋಪಿನ ಎಷ್ಟು ಪುಸ್ತಕಗಳು ನಾಯಿಯ ಮುಖ ನೋಡದೆ ನಕಲು ಮಾಡಿದವು! ಹಾಗಿರುವಾಗ 1755ರ ನಾಯಿ 1800ರ ಹಾಳೆಯಲ್ಲೂ ಹಾಗೇ ಕೂತಿದ್ದರೆ ತಳಿ ಬದಲಾಗಿಲ್ಲವೆಂದು ಓದಬೇಕೋ, ಕೊರೆಯುವವನು ಸೋಮಾರಿ ಎಂದು ಓದಬೇಕೋ? ಮಾಲೀಕ ದುಡ್ಡು ಕೊಟ್ಟು ಬರೆಸಿದ ಚಿತ್ರದಲ್ಲಿ ಎದೆ ಅಗಲವಾಗುತ್ತದೆ, ಸೊಂಟ ಸಣ್ಣದಾಗುತ್ತದೆ, ರಾಜಕುಮಾರಿಯರ ಮದುವೆ ಚಿತ್ರದಲ್ಲಿ ಆದ ಹಾಗೆ. ಬಣ್ಣ ಹಚ್ಚುತ್ತಿದ್ದವರು ಕೂಲಿಯವರು, ಎದುರಿಗಿದ್ದದ್ದು ಮಾದರಿ ಹಾಳೆ, ನಾಯಿಯಲ್ಲ. ಮೂತಿಯ ಉದ್ದವನ್ನು ಇಂಥದ್ದರ ಮೇಲೆ ಸ್ಕೇಲು ಇಟ್ಟು ಅಳೆದು ಪ್ರಬಂಧ ಬರೆದರೆ ನಮ್ಮ ಕಾಲೇಜಿನಲ್ಲಿ ನಗುತ್ತಾರೆ. ನಾಯಿಯ ಬುರುಡೆ ಬೇಕು, ಇಲ್ಲವೇ ಫೋಟೋ ಬೇಕು.

ಮೇಷ್ಟ್ರು: ಬುರುಡೆ ನಾಯಿ ಹೇಗಿತ್ತು ಎಂದು ಹೇಳುತ್ತದೆ, ಒಪ್ಪಿದೆ. ಜನಕ್ಕೆ ಅದು ಹೇಗಿರಬೇಕಿತ್ತು ಎಂಬುದನ್ನು ಬುರುಡೆ ಹೇಳೀತೇ? ಎದೆ ಅಗಲ ಮಾಡಿದ ಚಿತ್ರಕಾರ ಸುಳ್ಳು ಹೇಳಿದ, ಆದರೆ ಯಾವ ಸುಳ್ಳಿಗೆ ಗಿರಾಕಿ ಇದ್ದ ಎಂಬುದು ನಿಜ ತಾನೆ? ಅದಕ್ಕೇ ನಾನು ಅಚ್ಚುಚಿತ್ರದ ಜೊತೆಗೆ ಬಟ್ಟೆಯನ್ನೂ ಕೂಡಿಸಬೇಕು ಅನ್ನುವುದು. ಬಟ್ಟೆ ಇನ್ನೂ ದೊಡ್ಡ ಸುಳ್ಳುಗಾರ. 19ನೇ ಶತಮಾನದ ಮೊದಲಲ್ಲಿ ಬರ್ಲಿನ್ನಿನ ಮುದ್ರಕರು ಚೌಕುಳಿ ಹಾಳೆಯ ಮೇಲೆ ನಮೂನೆ ಅಚ್ಚುಹಾಕಿ, ಒಂದೊಂದು ಚೌಕಕ್ಕೂ ಕೈಯಲ್ಲಿ ಬಣ್ಣ ತುಂಬಿ ಮಾರತೊಡಗಿದರು. ಹೆಂಗಸರು ಚೌಕ ಎಣಿಸಿ ಉಣ್ಣೆ ದಾರದಲ್ಲಿ ಹೊಲಿದರು, ನಮ್ಮ ಧಾರವಾಡದ ಕಸೂತಿಯಲ್ಲಿ ಮೆಂತೆ ಹೊಲಿಗೆ ಹಾಕುವ ಹಾಗೆ. ಕಸೂತಿಯವಳ ನಮೂನೆ ಅವಳ ತಲೆಯಲ್ಲಿತ್ತು, ಇವರದ್ದು ಅಂಗಡಿಯಿಂದ ಬಂತು ಎಂಬುದೊಂದೇ ವ್ಯತ್ಯಾಸ. 1840ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇದರ ಹುಚ್ಚೇ ಹಿಡಿಯಿತು. ಹೆಚ್ಚು ಹೊಲಿದದ್ದು ಯಾವ ನಾಯಿಯನ್ನು? ಮೆತ್ತೆಯ ಮೇಲೆ ಕೂತ ಸ್ಪ್ಯಾನಿಯಲ್ಲನ್ನು. ರಾಣಿ ವಿಕ್ಟೋರಿಯಾ ಹರೆಯದಲ್ಲಿ ಸಾಕಿದ ಡ್ಯಾಶ್ ಎಂಬ ನಾಯಿಯೂ ಸ್ಪ್ಯಾನಿಯಲ್ಲೇ, ಅರಮನೆಯ ನಾಯಿಗಳನ್ನು ಬರೆಯುತ್ತಿದ್ದವನು ಎಡ್ವಿನ್ ಲ್ಯಾಂಡ್‌ಸೀರ್. ಅವನ ಎಷ್ಟೋ ಚಿತ್ರಗಳನ್ನು ಅಣ್ಣ ಥಾಮಸ್ ತಗಡಿನ ಮೇಲೆ ಕೊರೆದ, ಅಚ್ಚು ಚೌಕುಳಿ ಹಾಳೆಗೆ ಇಳಿಯಿತು, ಹಾಳೆಯಿಂದ ಉಣ್ಣೆಗೆ. ಹೀಗೆ ಅರಮನೆಯ ನಾಯಿ ಗುಮಾಸ್ತನ ಮನೆಯ ಕಾಲ್ಮಣೆಯ ಮೇಲೆ ಬಂದು ಕೂತಿತು. ಆ ಮನೆಯಲ್ಲಿ ನಾಯಿಯೇ ಇತ್ತೋ ಇಲ್ಲವೋ. ನಾಯಿಯ ಅಂಗರಚನೆಗೆ ಇದು ಸಾಕ್ಷಿಯಲ್ಲ, ಒಪ್ಪಿದೆ. ಜಾತಿ ನಾಯಿಯ ಆಸೆ ಯಾವ ಮನೆಯ ಒಳಕೋಣೆಯವರೆಗೆ ಹೋಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ವಂಶಾವಳಿಯ ಪುಸ್ತಕ ಹುಟ್ಟುವ ಮೂವತ್ತು ವರ್ಷ ಮೊದಲೇ ಆಸೆ ಸಿದ್ಧವಾಗಿತ್ತು.

ಇಲ್ಲಿ ನಾನು ಮೇಷ್ಟ್ರ ಪರವಾಗಿ ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಅವರು ವಸ್ತುವಿನ ಅರ್ಥವನ್ನು ಬಲ್ಲರು, ವಸ್ತುವಿನ ಮೈಯನ್ನು ಅಷ್ಟು ಗಮನಿಸುವವರಲ್ಲ. ಬರ್ಲಿನ್ ಕಸೂತಿಯ ನಾಯಿಯನ್ನು ಹಿಂದುಮುಂದಾಗಿ ನೋಡಬೇಕು. ಮುಂಭಾಗ ಬೆಳಕಿಗೆ ಬಿಳಿಚಿರುತ್ತದೆ, ಹಿಂಭಾಗದಲ್ಲಿ ಮೂಲದ ಬಣ್ಣ ಉಳಿದಿರುತ್ತದೆ. 1856ರಲ್ಲಿ ಪರ್ಕಿನ್ ಕಂಡುಹಿಡಿದ ನೇರಳೆಯಿಂದ ಶುರುವಾದ ರಾಸಾಯನಿಕ ಬಣ್ಣಗಳ ಕಣ್ಣುಕುಕ್ಕುವ ಕೆಂಪು, ನೇರಳೆ ಮೆತ್ತೆಯಲ್ಲಿದ್ದರೆ ತುಂಡಿನ ಕಾಲವನ್ನು ಅದಕ್ಕಿಂತ ಹಿಂದಕ್ಕೆ ಒಯ್ಯುವಂತಿಲ್ಲ. ಕಬ್ಬಿಣದ ಅಂಶ ಹಾಕಿ ಬಣ್ಣ ಕಟ್ಟಿದ ಕಡುಕಂದು, ಕಪ್ಪು ಉಣ್ಣೆ ಉಳಿದ ಬಣ್ಣಗಳಿಗಿಂತ ಮೊದಲು ಕೊಳೆತು ಉದುರುತ್ತದೆ, ಹಾಗಾಗಿ ಹಳೆಯ ತುಂಡುಗಳಲ್ಲಿ ನಾಯಿಯ ಕಣ್ಣು, ಮೂಗು, ಕಪ್ಪು ಮಚ್ಚೆಗಳೇ ಮೊದಲು ಹೋಗುವುದು. ದುರಸ್ತಿ ಮಾಡಿದವರು ಹೊಸ ಕಣ್ಣು ಹೊಲಿಯುತ್ತಾರೆ, ನಾಯಿಯ ಮುಖಭಾವವೇ ಬೇರೆಯಾಗುತ್ತದೆ. ಕಾಗದದ ಕತೆಯೂ ಹೀಗೇ. ತಾಮ್ರದ ತಗಡು ಒತ್ತಿದ ಗುರುತು ಅಂಚಿನಲ್ಲಿದೆಯೇ, ಭೂತಗನ್ನಡಿಯಲ್ಲಿ ಕಾಣುವುದು ಗೆರೆಯೋ ಒಂದೇ ಅಂತರದಲ್ಲಿ ಕೂತ ಚುಕ್ಕಿಗಳ ಸಾಲೋ ಎಂದು ನೋಡಬೇಕು. ಚುಕ್ಕಿ ಸಾಲಿದ್ದರೆ ಅದು ಫೋಟೋ ತೆಗೆದು ಮಾಡಿದ ಅಚ್ಚು, 19ನೇ ಶತಮಾನದ ಕೊನೆಗಿಂತ ಹಿಂದಿನದಾಗಲಾರದು. ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವ ವಿದ್ಯೆ ಈ ಲೋಕದಲ್ಲಿ ಇಲ್ಲದೆ ಇಲ್ಲ. ಆದರೆ ಮುಂದೆ ವೈದ್ಯೆ ಎತ್ತುವ ಮಾತಿಗೆ ನನ್ನಲ್ಲೂ ಉತ್ತರವಿಲ್ಲ.

ವೈದ್ಯೆ: ಆಯಿತು, ಸಾಲಾಗಿ ಇಟ್ಟರೆ ದಾಖಲೆ. ಮಾರುಕಟ್ಟೆ ಸಾಲನ್ನು ಉಳಿಸುತ್ತಿದೆಯೇ, ಮುರಿಯುತ್ತಿದೆಯೇ? ಬಿಡಿಬಿಡಿಯಾಗಿ ಸಿಗುವ ನಾಯಿಚಿತ್ರಗಳಲ್ಲಿ ಎಷ್ಟೋ ಹಾಳೆ ಪುಸ್ತಕದಿಂದ ಕಿತ್ತದ್ದು. ಇಡೀ ಪುಸ್ತಕಕ್ಕಿಂತ ಬಿಡಿ ಹಾಳೆಗಳು ಒಟ್ಟಿಗೆ ಹೆಚ್ಚು ದುಡ್ಡು ತರುವುದಾದರೆ ವ್ಯಾಪಾರಿ ಬ್ಲೇಡು ಹಾಕದೆ ಬಿಡುತ್ತಾನೆಯೇ? ಹಾಗೆ ಕಿತ್ತಾಗ ಪಕ್ಕದ ಪುಟದ ವಿವರ ಹೋಯಿತು, ಯಾರ ನಾಯಿ, ಯಾವ ವರ್ಷ, ಲೇಖಕ ಹೊಗಳಿದನೋ ತೆಗಳಿದನೋ ಎಲ್ಲ ರದ್ದಿಗೆ. ನಿಮ್ಮ ಅಳತೆಗೋಲಿನ ಮೇಲಿನ ಅಂಕಿಗಳನ್ನೇ ಉಜ್ಜಿಹಾಕಿದಂತೆ. ಇನ್ನು ಹೆಸರಿನ ಗೀಳು. ಥಾಮಸ್ ಬ್ಯೂಯಿಕ್ 1790ರಲ್ಲಿ ನ್ಯೂಕ್ಯಾಸಲ್‌ನಲ್ಲಿ ಅಚ್ಚುಹಾಕಿದ ಪ್ರಾಣಿಪುಸ್ತಕದಲ್ಲಿ ಕುರಿನಾಯಿಗೆ ಜಾಗ ಕೊಟ್ಟ, ದನ ಹೊಡೆಯುವ ಕಂತ್ರಿ ನಾಯಿಗೂ ಅದರದೇ ಚಿತ್ರ ಕೊಟ್ಟ. ಮರದ ಅಡ್ಡಕೊಯ್ತದ ಮೇಲೆ ಅವನು ಕೊರೆದ ಅಂಗೈಯಗಲದ ಆ ಕೆಲಸಕ್ಕೆ ಸಾಟಿ ಕಡಿಮೆ. ನಿಮ್ಮ ಲೋಕದಲ್ಲಿ ಹುಡುಕುಪಟ್ಟಿ ಶುರುವಾಗುವುದೇ ತಳಿಯ ಹೆಸರಿನಿಂದ. ಇವತ್ತು ತಳಿಯೆಂದು ಕರೆಯಿಸಿಕೊಳ್ಳದ ನಾಯಿಗೆ ಆ ಪಟ್ಟಿಯಲ್ಲಿ ಗೂಡೇ ಇಲ್ಲ. ಕೂಡಿಸುವುದರಲ್ಲೇ ಶುದ್ಧಿ ಮಡಿಯ ಜರಡಿ ಹಿಡಿದರೆ, ಶುದ್ಧ ತಳಿ ಎಂಬ ಕಲ್ಪನೆ ಹೇಗೆ ಹುಟ್ಟಿತು ಎಂಬುದಕ್ಕೆ ಆ ಸಂಗ್ರಹ ಸಾಕ್ಷಿಯಾಗುವುದು ಹೇಗೆ?

ಮೇಷ್ಟ್ರು: ಹಾಳೆ ಕೀಳುವವರನ್ನು ಸಮರ್ಥಿಸಲಾರೆ. ಇಷ್ಟು ಮಾತ್ರ ಹೇಳಬಲ್ಲೆ, ಕಿತ್ತ ಹಾಳೆಯೂ ಕೆಲವು ಸಲ ಉಳಿದ ಒಂದೇ ಹಾಳೆ. ಇಡೀ ಪುಸ್ತಕ ನೆನೆದು ಬೂಸ್ಟು ಹಿಡಿದಿದ್ದರೆ ಉಳಿದದ್ದನ್ನು ಬಿಡಿಸಿಕೊಳ್ಳುವುದು ಪಾಪವಲ್ಲ. ಇದು ದುರ್ಬಲ ಉತ್ತರ ಅಂತ ನನಗೂ ಗೊತ್ತು. ಜರಡಿಯ ಮಾತಿಗೆ ಬಂದರೆ, ಹೆಸರಿನಿಂದ ಹುಡುಕುವವನಿಗೂ ಹೆಸರು ಮೀರಿದ್ದು ಸಿಗುತ್ತದೆ. ಬುಲ್‌ಡಾಗಿನ ಹುಚ್ಚಿನಿಂದ ಹಿಂದಕ್ಕೆ ಹೋದವನು ಗೂಳಿಯ ಆಟಕ್ಕೆ ಹೋಗಿ ಮುಟ್ಟುತ್ತಾನೆ, ಉದ್ದ ಕಾಲಿನ, ಮೂತಿಯಿರುವ, ಇವತ್ತಿನ ಯಾವ ಪ್ರದರ್ಶನದಲ್ಲೂ ಗೆಲ್ಲಲಾರದ ನಾಯಿಯನ್ನು ನೋಡುತ್ತಾನೆ. ತಾನು ಪ್ರೀತಿಸಿದ್ದು ಇದರ ಮೊಮ್ಮಗನನ್ನೇ ಎಂದು ಅವನಿಗೆ ಹೊಳೆಯದೆ ಇರುವುದಿಲ್ಲ. ಪ್ರೀತಿಯಿಲ್ಲದವನು ಅಷ್ಟು ದೂರ ಹೋಗುವುದೇ ಇಲ್ಲ.

ವೈದ್ಯೆ: ಹೊಳೆಯುತ್ತದೆ ಎಂಬುದು ನಿಮ್ಮ ಒಳ್ಳೆಯತನ. ನಾಯಿಯನ್ನು ಪ್ರೀತಿಸಿ ಚಿತ್ರ ಮಾಡಿಸುವುದಕ್ಕೆ ತಳಿ ಬೇಕೇ ಬೇಕು ಅಂತಿಲ್ಲ. ನಮ್ಮ ಆತಕೂರು ಶಾಸನ ನೋಡಿ, ಸುಮಾರು 950ರದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಬಹುಮಾನವಾಗಿ ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ದೊಡ್ಡ ಹಂದಿಯೊಂದಿಗೆ ಕಾದಾಡಿ ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಕಲ್ಲು ನಿಲ್ಲಿಸಿದ, ನಾಯಿ ಹಂದಿಗಳ ಕಾಳಗವನ್ನು ಕೊರೆಸಿದ, ಪೂಜೆಗೆ ಭೂಮಿ ಬಿಡಿಸಿದ. ಅದು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಕಾಳಿಯ ತಳಿ ಯಾವುದೆಂದು ಅಲ್ಲಿ ಯಾರೂ ಕೇಳಿಲ್ಲ. ಮಾಡಿದ ಕೆಲಸ ಬರೆದರು, ಹೆಸರು ಬರೆದರು.

ಮೇಷ್ಟ್ರು: ಫ್ರಾನ್ಸಿನಲ್ಲೂ ಹಾಗೇ ಬರೆದರು. 15ನೇ ಲೂಯಿಯ ಬೇಟೆನಾಯಿಗಳನ್ನು ಚಿತ್ರಕಾರ ಊದ್ರಿ ಬರೆದಾಗ ಚಿತ್ರಪಟದ ಮೇಲೇ ನಾಯಿಗಳ ಹೆಸರು ಬರೆದ, ಮಿಸ್, ತುರ್ಲು ಅಂತೆಲ್ಲ. ಅವನ ನಮೂನೆಯಿಂದ ಗೋಬ್ಲಾಂ ನೇಯ್ಗೆಶಾಲೆ ರಾಜನ ಬೇಟೆಯ ದೊಡ್ಡ ಚಿತ್ರವಸ್ತ್ರಗಳನ್ನು ನೇಯ್ದು ಕೊಟ್ಟಿತು. ರೋಸಾ ಎಂಬುದೂ ಹೆಸರೇ ಅಲ್ಲವೇನಮ್ಮ? ಹೆಸರಿದ್ದ ಒಂದು ಹೆಣ್ಣು ನಾಯಿ ತಾನೇ ಮುಂದೆ ಇಡೀ ಕುಲಕ್ಕೆ ಮಾದರಿಯಾದದ್ದು. ಹೆಸರು ಇದ್ದ ಮಾತ್ರಕ್ಕೆ ನಾಯಿ ಪಾರಾಗುವುದಿಲ್ಲ.

ವೈದ್ಯೆ: ಹಾಗಾದರೆ ನಮ್ಮ ಮುಧೋಳದ ನಾಯಿಯ ಗತಿ? 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ಭಾರತೀಯ ತಳಿಗಳ ಅಂಚೆಚೀಟಿ ತಂದಿತು, ಹಿಮಾಲಯದ ಕುರಿನಾಯಿ, ರಾಂಪುರ, ರಾಜಪಾಳಯಂ, ಮುಧೋಳ. ಅಂಚೆಚೀಟಿಯೂ ಅಚ್ಚುಚಿತ್ರವೇ. ಬಾಗಲಕೋಟೆಯ ಹಳ್ಳಿಗಳಲ್ಲಿ ಇವತ್ತಿಗೂ ಮೊಲದ ಹಿಂದೆ ಓಡುವ, ಕುರಿ ಕಾಯುವ ನಾಯಿ ಅದು. ಬಣ್ಣ ಎತ್ತರಗಳಲ್ಲಿ ಒಂದರ ಹಾಗೆ ಒಂದಿಲ್ಲ. ಒಂದು ಕ್ಲಬ್ಬು ಅದನ್ನು ಕ್ಯಾರವಾನ್ ಹೌಂಡ್ ಅನ್ನುತ್ತದೆ, ಇನ್ನೊಂದು ಮುಧೋಳ ಹೌಂಡ್ ಅನ್ನುತ್ತದೆ. ಇನ್ನು ಐವತ್ತು ವರ್ಷಕ್ಕೆ ಯಾರೋ ಒಬ್ಬ ಆ ಚೀಟಿಯನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿ, ಸೊಂಟ ಇಷ್ಟೇ ಸಣ್ಣ ಇರಬೇಕು, ತಲೆ ಇಷ್ಟೇ ಉದ್ದ ಇರಬೇಕು ಅಂತ ಮರಿ ಆರಿಸತೊಡಗಿದರೆ?

ಮೇಷ್ಟ್ರು: ಆರಿಸುವವರು ಚೀಟಿ ಇಲ್ಲದಿದ್ದರೂ ಆರಿಸುತ್ತಾರೆ, ಫೋನಿನಲ್ಲಿ ಫೋಟೋ ಇದೆಯಲ್ಲ. ನಾನು ಹೇಳುವುದು, ಇವತ್ತೇ ಕೂಡಿಸಲು ಶುರುಮಾಡು. ಚೀಟಿ, ಕ್ಯಾಲೆಂಡರು, ಪ್ರದರ್ಶನದ ಭಿತ್ತಿಪತ್ರ, ಕೌದಿಯ ಮೇಲೆ ಯಾರಾದರೂ ನಾಯಿ ಹೊಲಿದಿದ್ದರೆ ಅದನ್ನೂ. ಹಿಂದುಗಡೆ ವರ್ಷ, ಊರು ಬರೆದಿಡು. ರೋಸಾಳಿಗೆ ಏನಾಯಿತೆಂದು ನಮಗೆ ತಿಳಿದದ್ದು ತಡವಾಗಿ. ಇಲ್ಲಿ ಬೇಗ ತಿಳಿದೀತು.

ವೈದ್ಯೆ: ಬರೀ ಚಿತ್ರ ಸಾಲದು. ಅದೇ ನಾಯಿಯ ತೂಕ, ಎದೆಯ ಸುತ್ತಳತೆ, ಎಷ್ಟು ವರ್ಷ ಬದುಕಿತು, ಏನಾಗಿ ಸತ್ತಿತು, ಇಷ್ಟನ್ನೂ ಚಿತ್ರದ ಜೊತೆಗೆ ಕಟ್ಟಿಡಬೇಕು. ಗೋಡೆಗೆ ಹಾಕಬಾರದು, ಪೆಟ್ಟಿಗೆಯಲ್ಲಿಡಬೇಕು.

ಮೇಷ್ಟ್ರು: ಪೆಟ್ಟಿಗೆಯಲ್ಲಿಟ್ಟದ್ದನ್ನು ಯಾರೂ ಕೊಳ್ಳುವುದಿಲ್ಲ. ಯಾರೂ ಕೊಳ್ಳದ್ದು ಒಂದು ತಲೆಮಾರು ದಾಟುವುದರೊಳಗೆ ತೂಕಕ್ಕೆ ಹೋಗುತ್ತದೆ. ಜಂಬದವರು ಗೋಡೆಗೆ ಹಾಕಿಕೊಂಡದ್ದರಿಂದಲೇ ಅಲ್ಲವೇ ನಾವು ಇವತ್ತು ಮಾತಾಡಲು ಇಷ್ಟು ಉಳಿದಿರುವುದು?

ವೈದ್ಯೆ: ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಿದೆ ಮೇಷ್ಟ್ರೇ. ಅಲ್ಲಿ ಒಂದು ಕಪಾಟು ಕೊಡುತ್ತಾರೋ ಕೇಳಿ ನೋಡುತ್ತೇನೆ.

ಮೇಷ್ಟ್ರು: ಕೇಳು. ಅವರು ಹೂಂ ಅನ್ನುವವರೆಗೆ ನಾನು ಕೊಳ್ಳುವುದನ್ನು ನಿಲ್ಲಿಸುವುದಿಲ್ಲ.